ಶೋ ನೋಡದೆ ಬರೀ ಸಂಗೀತ ಕೇಳಿದರೆ ಸಾಕಾ? – ಸರ್ಕ್ ದು ಸೊಲೇ ಹಾಡುಗಳ ಬಗ್ಗೆ

ಸಂಜೆರಾಗ (ಸರಸ್ವತಿಪುರಂ)
ಎಲ್ಲರಿಗೂ ನಮಸ್ಕಾರ. ಕೆನಡಾದ ಸರ್ಕ್ ದು ಸೊಲೇ ಸರ್ಕಸ್ಸಿನ ಸಂಗೀತವನ್ನು ಇಲ್ಲಿ ಯಾರಾದರೂ ಕೇಳುತ್ತೀರಾ? ನಾನು ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ ಬರುವವಳು. ಹೋಗುವಾಗ ಅವರ 'ಅಲೆಗ್ರಿಯಾ' ಶೋನ ಹಾಡುಗಳು, ಬರುವಾಗ 'ಕಿಡಾಮ್' ಶೋನವು. ಈಚೆಗೆ ಬೇರೆ ಏನೂ ಕೇಳಬೇಕು ಅನ್ನಿಸುತ್ತಿಲ್ಲ.

ನೇರವಾಗಿ ಒಂದು ಶೋ ಕೂಡ ನೋಡಿಲ್ಲ. ನನ್ನ ಸ್ನೇಹಿತೆ ಹೇಳುತ್ತಾಳೆ, ಆ ಸಂಗೀತ ಮಾಡಿರುವುದೇ ಕಸರತ್ತಿಗೋಸ್ಕರ, ಕಸರತ್ತು ತೆಗೆದರೆ ಉಳಿಯುವುದು ಸುಮ್ನೆ ಹಿನ್ನೆಲೆ ಸದ್ದು ಅಂತ. ನನಗೆ ಹಾಗನ್ನಿಸುವುದಿಲ್ಲ. ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೂ ಒಂದು ಅನುಮಾನ. ಶೋ ನೋಡದೆ ನಾನು ಕೇಳುತ್ತಿರುವುದು ಪೂರ್ತಿ ಸಂಗೀತವಾ, ಅರ್ಧವಾ? ಮತ್ತೆ, ಮುಂದೆ ಯಾವುದನ್ನು ಕೇಳಲಿ?

ಒಂಟಿಕೊಪ್ಪಲ್ ಹುಡುಗ
ಅರ್ಧ. ಚರ್ಚೆಯೇ ಬೇಡ. ವಿಡಿಯೊ ನೋಡಿ ಮೊದಲು.

ಹಳೇ ಕ್ಯಾಸೆಟ್
@ಒಂಟಿಕೊಪ್ಪಲ್ ಹುಡುಗ ಒಂದೇ ಪದದಲ್ಲಿ ಮುಗಿಸಬೇಡಿ ಸ್ವಾಮಿ. 'ಅಲೆಗ್ರಿಯಾ' ಶೋ ಬಂದಿದ್ದು 1994ರಲ್ಲಿ. ಅದರ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ, ವಿಶ್ವಸಂಗೀತದ ವಿಭಾಗದಲ್ಲಿ, ಒಂದು ವರ್ಷಕ್ಕೂ ಜಾಸ್ತಿ ಕಾಲ ಇತ್ತು. ಕೊಂಡವರಲ್ಲಿ ಎಷ್ಟೋ ಜನ ಡೇರೆಯೊಳಗೆ ಕಾಲೇ ಇಟ್ಟಿರಲಿಕ್ಕಿಲ್ಲ. ಅವರೆಲ್ಲ ಅರ್ಧ ಕೇಳಿದರು ಅಂತೀರಾ?

ಸಂಜೆರಾಗ ಅವರೇ, ಸಂಗೀತ ಕೊಟ್ಟವರ ಹೆಸರು ಹಿಡಿದು ಹೋಗಿ, ದಾರಿ ಸುಲಭ. ರೆನೆ ದುಪೆರೆ ಅವರದು 'ಸಾಲ್ಟಿಂಬಾಂಕೊ' (1992), 'ಮಿಸ್ಟೇರ್' (1993), 'ಅಲೆಗ್ರಿಯಾ'. ಹಾಡಿ ಎತ್ತುವ ಗುಣ ಅವರಲ್ಲಿ ಜಾಸ್ತಿ. ಬೆನ್ವಾ ಜುತ್ರಾ ಅವರದು 'ಕಿಡಾಮ್' (1996), 'ಓ' (1998). ಇವರಲ್ಲಿ ಸ್ವಲ್ಪ ಕತ್ತಲೆ ಇದೆ, ಒಳಗೆ ಎಳೆದುಕೊಳ್ಳುತ್ತಾರೆ. ವಿಯೊಲೇನ್ ಕೊರಾಡಿ ಅವರದು 'ದ್ರಾಲಿಯಾನ್' (1999), 'ವರೆಕೈ' (2002). ನಿಮಗೆ 'ಕಿಡಾಮ್' ಹಿಡಿಸಿದೆ ಅಂದರೆ ಮುಂದೆ 'ಓ' ಕೇಳಿ.

ಬೋಗಾದಿ ಬೆಳಕು
ಈ ಹಾಡುಗಳೆಲ್ಲ ಯಾವ ಭಾಷೆಯೂ ಅಲ್ಲದ ಭಾಷೆಯಲ್ಲಿ ಇರುತ್ತವೆ ಅಲ್ವಾ? 'ಅಲೆಗ್ರಿಯಾ' ಹಾಡು ಕೂಡ ಹಾಗೇ ತಾನೆ?

ಹಳೇ ಕ್ಯಾಸೆಟ್
@ಬೋಗಾದಿ ಬೆಳಕು ಆ ಹಾಡು ಹಾಗಲ್ಲ. ಅದು ಇಟಾಲಿಯನ್, ಇಂಗ್ಲಿಷ್, ಸ್ಪ್ಯಾನಿಷ್ ಮೂರರಲ್ಲೂ ಬರುತ್ತದೆ. ಹಾಡಿದವರು ಫ್ರಾಂಚೆಸ್ಕಾ ಗಾನ್ಯೋ. ಆ ಸ್ವಲ್ಪ ಒಡೆದಂಥ ದನಿ ಅವರದು. ಬೇರೆ ಎಷ್ಟೋ ಹಾಡುಗಳಲ್ಲಿ ಮಾತ್ರ ಬರೀ ಕಟ್ಟಿಕೊಂಡ ಪದಗಳು. ಕಿವಿಗೆ ಹಿತವಾಗಿ ಇರಲಿ ಅಂತ ಮಾಡಿದ್ದು.

ಮೊದಲನೇ ಸಾಲು
ನನ್ನ ತಕರಾರು ಇರುವುದೇ ಅಲ್ಲಿ. ಅರ್ಥ ಇಲ್ಲದ ಸಾಹಿತ್ಯ, ಕೀಬೋರ್ಡಿನಲ್ಲಿ ಹೊಗೆ ಹಾಕಿದ ಹಾಗೆ ಸ್ವರ, ನಡುವೆ ಒಂದಿಷ್ಟು ಡೋಲು. ಎಲ್ಲ ದೇಶದ ಸಂಗೀತದಿಂದ ಚೂರು ಚೂರು ತೆಗೆದು ಸೇರಿಸುತ್ತಾರೆ. 'ದ್ರಾಲಿಯಾನ್'ನಲ್ಲಿ ನಮ್ಮ ಶಾಸ್ತ್ರೀಯ ರಾಗದ ಛಾಯೆ ಇದೆ ಅಂತ ಹೊಗಳುತ್ತಾರೆ. ಕೇಳಿದೆ. ಛಾಯೆ ಮಾತ್ರ ಇದೆ. ರಾಗ ಬೆಳೆಯುವುದೇ ಇಲ್ಲ. ಎಂಟನೇ ಕ್ರಾಸ್‌ನ ಗಣಪತಿ ಪೆಂಡಾಲಿನಲ್ಲಿ ಮೂರು ಗಂಟೆ ಕಚೇರಿ ಕೇಳಿ ಬೆಳೆದ ಕಿವಿಗೆ ಇದು ಸಾಲುವುದಿಲ್ಲ.

ಸಂಜೆರಾಗ (ಸರಸ್ವತಿಪುರಂ)
@ಮೊದಲನೇ ಸಾಲು ಸರ್, ಅದೇ ಪೆಂಡಾಲಿನಲ್ಲಿ ನಾನೂ ಕೂತಿದ್ದೇನೆ. ಆಲಾಪನೆಯಲ್ಲಿ 'ತ ದ ರಿ ನ' ಅಂತ ಅರ್ಧ ಗಂಟೆ ಹಾಡುತ್ತಾರೆ. ತಿಲ್ಲಾನದಲ್ಲಿ 'ಧೀಂ ತ' ಅಂತಾರೆ. ಸಾಹಿತ್ಯ ಇಲ್ಲ ಅಂತ ಅಲ್ಲಿ ಯಾರೂ ಎದ್ದು ಹೋಗುವುದಿಲ್ಲವಲ್ಲ?

ಮೊದಲನೇ ಸಾಲು
@ಸಂಜೆರಾಗ ಒಪ್ಪುವುದಿಲ್ಲ ಮೇಡಂ. 'ತ ದ ರಿ ನ' ರಾಗಕ್ಕೆ ಜಾಗ ಬಿಡುತ್ತದೆ. ಕಲ್ಯಾಣಿ ಹಾಡಿದರೆ ಕಲ್ಯಾಣಿಯ ಒಂದೊಂದು ಮೂಲೆಯೂ ಗೊತ್ತಾಗುತ್ತದೆ. ಇಲ್ಲಿ ಪದವೂ ಇಲ್ಲ, ರಾಗವೂ ಇಲ್ಲ. ಏನು ಹಿಡಿದುಕೊಂಡು ಕೇಳಬೇಕು?

ಡ್ರಾಮಾ ಮೇಷ್ಟ್ರು (ಮಂಡ್ಯ)
ಲಯ ಹಿಡಿದುಕೊಂಡು ಕೇಳಬೇಕು ಸರ್. ಅಥವಾ ಮೈ ಹಿಡಿದುಕೊಂಡು ಅನ್ನಿ.

ನಾನು ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವನು. ಹಾರ್ಮೋನಿಯಂ ನನ್ನದು. ನಮ್ಮ ಕಡೆ ಕುರುಕ್ಷೇತ್ರ ನಾಟಕ ಅಂದರೆ ರಾತ್ರಿಯಿಡೀ. ದುರ್ಯೋಧನನ ಪಾತ್ರ ಮಾಡುವವರು ಹಗಲು ಕಬ್ಬು ಕಡಿದು ಬಂದಿರುತ್ತಾರೆ. ಹಾಡು ಶುರು ಮಾಡುತ್ತಾರೆ, ನಡುವೆ ಉಸಿರು ಸಾಲದು, ನಾನು ಆ ಸ್ವರವನ್ನು ಎಳೆದು ಹಿಡಿದುಕೊಳ್ಳಬೇಕು. ಅವರು ಗದೆ ತಿರುಗಿಸುತ್ತಾ ರಂಗದ ಆ ತುದಿಗೆ ಹೋಗಿ ಬರುವ ತನಕ ಅದೇ ನಾಲ್ಕು ಸ್ವರವನ್ನು ತಿರುಗಿಸಿ ತಿರುಗಿಸಿ ನುಡಿಸಬೇಕು. ಜನ 'ಒನ್ಸ್ ಮೋರ್' ಅಂದರೆ ಮತ್ತೆ ಪಲ್ಲವಿಗೆ ಬರಬೇಕು. ತಬಲದವರ ಕಣ್ಣು ನನ್ನ ಮೇಲೆ, ನನ್ನ ಕಣ್ಣು ಪಾತ್ರಧಾರಿಯ ಮೇಲೆ.

ಈ ಸರ್ಕಸ್ಸಿನ ಬ್ಯಾಂಡೂ ಇದೇ ಕೆಲಸ ಮಾಡುತ್ತದೆ. ಬಹುಪಾಲು ಶೋಗಳಲ್ಲಿ ಸಂಗೀತ ನೇರವಾಗಿ ನುಡಿಸುವುದು. ಬ್ಯಾಂಡ್ ಮುಖ್ಯಸ್ಥ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೈಕಿನಲ್ಲಿ ವಾದ್ಯದವರಿಗೆ ಹೇಳುತ್ತಾ ಹೋಗುತ್ತಾನೆ. ಈಗ ತಿರುಗಿಸಿ, ಇನ್ನೊಮ್ಮೆ, ಈಗ ಮುಂದಕ್ಕೆ ಹೋಗಿ. ಹೀಗೆ ಒಂದು ಭಾಗವನ್ನೇ ತಿರುಗಿಸುತ್ತಾ ಇರುವುದಕ್ಕೆ ಅವರು 'ವ್ಯಾಂಪ್' ಅಂತಾರೆ. ಹಾರುವವನ ಕೈ ತಪ್ಪಿತು, ಬಲೆಗೆ ಬಿದ್ದ, ಮತ್ತೆ ಮೇಲೆ ಹತ್ತಬೇಕು. ಅಷ್ಟು ಹೊತ್ತು ಬ್ಯಾಂಡ್ ನಿಲ್ಲುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ಎರಡನೇ ಸಲ ಕೈ ಸಿಕ್ಕಿತು ಅಂದ ತಕ್ಷಣ ಎಲ್ಲರೂ ಒಟ್ಟಿಗೆ ಎತ್ತಬೇಕು.

ಆಲ್ಬಂ ಮಾಡುವಾಗ ಈ ಕಾಯುವ ಭಾಗವನ್ನೇ ಕತ್ತರಿಸಿ ಚಿಕ್ಕದು ಮಾಡುತ್ತಾರೆ. ಹಾಗಾಗಿ ಸಂಜೆರಾಗ ಅವರಿಗೆ ನನ್ನ ಉತ್ತರ: ನೀವು ಕೇಳುತ್ತಿರುವುದು ಅರ್ಧ ಅಲ್ಲ. ಆದರೆ ಅದರಲ್ಲಿ ಕಾಯುವಿಕೆ ಇಲ್ಲ. ನನಗೆ ಅದೇ ಮುಖ್ಯ.

ಸಂಜೆರಾಗ (ಸರಸ್ವತಿಪುರಂ)
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಹಾಡುಗಳಲ್ಲಿ ಕೆಲವು ಕಡೆ ಒಂದೇ ತುಣುಕು ಮತ್ತೆ ಮತ್ತೆ ಬಂದು ತಟ್ಟನೆ ಶ್ರುತಿ ಮೇಲೆ ಏರುತ್ತದೆ. ಅಲ್ಲಿ ಏನೋ ನಡೆದಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು.

ಕುಕ್ಕರಹಳ್ಳಿ ವಾಕರ್
ನಾನು ಭೌತಶಾಸ್ತ್ರ ಪಾಠ ಮಾಡುತ್ತಿದ್ದವನು. ಒಂದು ವಿಷಯ ಸೇರಿಸುತ್ತೇನೆ. ಟ್ರಪೀಜ್‌, ಅಂದರೆ ಹಗ್ಗಕ್ಕೆ ಕಟ್ಟಿದ ಕೋಲು ಹಿಡಿದು ತೂಗುವ ಆಟ, ಅದರ ಲಯವನ್ನು ಕಲಾವಿದ ನಿರ್ಧರಿಸುವುದಿಲ್ಲ, ಹಗ್ಗ ನಿರ್ಧರಿಸುತ್ತದೆ. ಲೋಲಕದ ನಿಯಮ. 4 ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 4 ಸೆಕೆಂಡ್ ಬೇಕು. ತೂಕ ಜಾಸ್ತಿ ಇದ್ದರೂ ಅಷ್ಟೇ, ಕಡಿಮೆ ಇದ್ದರೂ ಅಷ್ಟೇ. ತುಂಬಾ ಅಗಲವಾಗಿ ತೂಗಿದರೆ ಇನ್ನೂ ಸ್ವಲ್ಪ ನಿಧಾನ. ಆತುರ ಮಾಡಿದರೆ ಹಗ್ಗ ಕೇಳುವುದಿಲ್ಲ.

ಅದಕ್ಕೇ ಹಾರಾಟದ ಹಾಡುಗಳು ಅಷ್ಟು ವಿಶಾಲವಾಗಿ, ಉದ್ದ ಉಸಿರಿನಲ್ಲಿ ಇರುತ್ತವೆ. ನೆಲದ ಮೇಲೆ ಪಲ್ಟಿ ಹೊಡೆಯುವ ಆಟಕ್ಕೆ ಹೋಗಿ, ಲಯ ಚುರುಕಾಗುತ್ತದೆ. ಕಣ್ಣು ಮುಚ್ಚಿ ಕೇಳಿ, ಯಾವ ಹಾಡು ಗಾಳಿಯದು, ಯಾವುದು ನೆಲದ್ದು ಅಂತ ಎಷ್ಟೋ ಸಲ ಗೊತ್ತಾಗುತ್ತದೆ.

ಬೋಗಾದಿ ಬೆಳಕು
ಓಹ್! ಇದು ಮನೆಯಲ್ಲಿ ಮಕ್ಕಳಿಗೆ ಮಾಡಿಸಬಹುದಾದ ಆಟ. ಈ ಭಾನುವಾರವೇ ಕೂರಿಸುತ್ತೇನೆ.

ಬ್ಯಾಂಡ್ ಕ್ಲಾರಿನೆಟ್
ಹಿರಿಯರ ಮಾತು ಅಂತ ಕೇಳಿ. ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸಿ ಜೀವನ ಮಾಡಿದವನು ನಾನು. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳುತ್ತಾ ಮಾರ್ಚ್, ಅಂದರೆ ಸೇನೆಯ ನಡಿಗೆಯ ಸಂಗೀತದ ಹುಚ್ಚು ಹಿಡಿಸಿಕೊಂಡವನು.

ಆಧುನಿಕ ಸರ್ಕಸ್ ಶುರುವಾಗಿದ್ದು ಲಂಡನ್ನಿನಲ್ಲಿ, 1768ರಲ್ಲಿ, ಫಿಲಿಪ್ ಆಸ್ಟ್ಲಿ ಅನ್ನುವ ಕುದುರೆ ಸವಾರನಿಂದ. ಆಮೇಲೆ ಅವನ ರಿಂಗ್ 42 ಅಡಿ ಅಗಲಕ್ಕೆ ನಿಂತಿತು. ಅಂದರೆ ಸುಮಾರು 13 ಮೀಟರ್. ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವುದಕ್ಕೆ ಅಷ್ಟು ಅಗಲ ಸರಿ ಹೋಗುತ್ತಿತ್ತು. ಕುದುರೆ ಬ್ಯಾಂಡ್ ಕೇಳಿಕೊಂಡು ಹೆಜ್ಜೆ ಹಾಕುವುದಿಲ್ಲ. ಬ್ಯಾಂಡ್ ಮಾಸ್ಟರು ಕುದುರೆಯ ಕಾಲು ನೋಡಿಕೊಂಡು ಲಯ ಬದಲಿಸಬೇಕು. ಮೇಷ್ಟ್ರು ಹೇಳಿದ್ದು ಆಗಿನಿಂದಲೂ ಇದೆ.

ಎಲ್ಲರಿಗೂ ಗೊತ್ತಿರುವ ಆ 'ಸರ್ಕಸ್ ಟ್ಯೂನ್' ಇದೆಯಲ್ಲ, ವಿದೂಷಕರು ಬಂದಾಗ ಬರುವುದು, ಅದು ಸರ್ಕಸ್ಸಿಗೆ ಬರೆದಿದ್ದೇ ಅಲ್ಲ. ಯೂಲಿಯುಸ್ ಫುಚಿಕ್ ಅನ್ನುವ ಚೆಕ್ ಬ್ಯಾಂಡ್ ಮಾಸ್ಟರು 1897ರಲ್ಲಿ ಬರೆದ ಸೇನೆಯ ಮಾರ್ಚ್. ರೋಮಿನ ಮಲ್ಲರು ಅಖಾಡಕ್ಕೆ ಬರುವ ಗತ್ತು ಅದರಲ್ಲಿ ಇರಬೇಕಿತ್ತು. ಅಮೆರಿಕದ ಸರ್ಕಸ್ ಬ್ಯಾಂಡುಗಳು ಅದನ್ನು ಎರಡು ಪಟ್ಟು ಓಡಿಸಿ ನಗುವ ಹಾಡು ಮಾಡಿಬಿಟ್ಟವು. ನಿಧಾನಕ್ಕೆ ನುಡಿಸಿ ನೋಡಿ, ಎಂಥ ಗಂಭೀರ ಸಂಗೀತ ಅಂತ ತಿಳಿಯುತ್ತದೆ.

ಇನ್ನೊಂದು. ಅಮೆರಿಕದ ಸರ್ಕಸ್ಸುಗಳಲ್ಲಿ ಅಲ್ಲಿನ ಸಂಗೀತ ಸಂಯೋಜಕ ಜಾನ್ ಫಿಲಿಪ್ ಸೂಸಾ ಅವರ ಒಂದು ಪ್ರಸಿದ್ಧ ಮಾರ್ಚನ್ನು ಆಟದ ನಡುವೆ ನುಡಿಸುತ್ತಲೇ ಇರಲಿಲ್ಲ. ಅದು ಅಪಾಯದ ಗುರುತು. 1944ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಡೇರೆಗೆ ಬೆಂಕಿ ಬಿದ್ದಾಗ ಬ್ಯಾಂಡ್ ಅದನ್ನೇ ನುಡಿಸಿತು. ಕೆಲಸದವರಿಗೆಲ್ಲ ಕೂಡಲೇ ಗೊತ್ತಾಯಿತು. 160ಕ್ಕೂ ಹೆಚ್ಚು ಜನ ಅವತ್ತು ಸತ್ತರು. ಸರ್ಕಸ್ ಸಂಗೀತವನ್ನು 'ಹಿನ್ನೆಲೆ ಸದ್ದು' ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಕೋರಿಕೆ.

ಸಕ್ಕರೆನಾಡು
ಈ ಚರ್ಚೆಗೆ ಬಂದಿದ್ದು ಸಾರ್ಥಕ ಆಯಿತು. ಕ್ಲಾರಿನೆಟ್ ಸರ್, ಹಳೇ ಡೇರೆ ಸರ್ಕಸ್‌ಗಳಲ್ಲಿ ಕಲಾವಿದರು ಒಳಗೆ ಬರುವ ಪರದೆ ಮೇಲೆ ಅಟ್ಟ ಕಟ್ಟಿ ಬ್ಯಾಂಡಿನವರನ್ನು ಕೂರಿಸುತ್ತಿದ್ದರು ಅಲ್ವಾ? ಮಂಡ್ಯದಲ್ಲಿ ನೋಡಿದ ನೆನಪು. ಟ್ರಂಪೆಟ್, ಡ್ರಮ್ಮು. ಆಮೇಲೆ ಬರಬರುತ್ತಾ ಸಿನಿಮಾ ಹಾಡಿನ ಕ್ಯಾಸೆಟ್ ಹಾಕಲು ಶುರು ಮಾಡಿದರು.

ಬ್ಯಾಂಡ್ ಕ್ಲಾರಿನೆಟ್
@ಸಕ್ಕರೆನಾಡು ಹೌದು. ಅಲ್ಲಿಂದ ರಿಂಗ್ ಪೂರ್ತಿ ಕಾಣಬೇಕು, ಅದಕ್ಕೇ ಅಟ್ಟ. ಕ್ಯಾಸೆಟ್ ಬಂದ ಮೇಲೆ ಕಲಾವಿದರೇ ಹಾಡಿಗೆ ತಕ್ಕಂತೆ ಓಡಬೇಕಾಯಿತು. ನನ್ನ ಪ್ರಕಾರ ನಮ್ಮ ಸರ್ಕಸ್ಸಿಗೆ ಆದ ದೊಡ್ಡ ನಷ್ಟಗಳಲ್ಲಿ ಅದೂ ಒಂದು.

ಒಂಟಿಕೊಪ್ಪಲ್ ಹುಡುಗ
ನಷ್ಟ ಆಗಿದ್ದು ಪ್ರಾಣಿ ನಿಂತಿದ್ದಕ್ಕೆ. ಹುಲಿ ಸಿಂಹ ಇಲ್ಲ ಅಂದಮೇಲೆ ಜನ ಯಾಕೆ ಬರುತ್ತಾರೆ?

ಬೋಗಾದಿ ಬೆಳಕು
@ಒಂಟಿಕೊಪ್ಪಲ್ ಹುಡುಗ ನಿಂತಿದ್ದು ಒಳ್ಳೇದೇ ಆಯಿತು. ಕೇಂದ್ರ ಸರ್ಕಾರ 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಕುಣಿಸುವಂತಿಲ್ಲ ಅಂತ ಆದೇಶ ಮಾಡಿತು. 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಹುಲಿ ನೋಡಬೇಕಾದರೆ ನಮ್ಮೂರಲ್ಲೇ ಜೂ ಇದೆ. ಸರ್ಕ್ ದು ಸೊಲೇ 1984ರಲ್ಲಿ ಕೆಬೆಕ್‌ನಲ್ಲಿ ಶುರುವಾದಾಗಲೇ ಕಾಡುಪ್ರಾಣಿ ಬೇಡ ಅಂತ ಬಿಟ್ಟಿದ್ದರಿಂದ ತಾನೆ ಸಂಗೀತ, ವೇಷ, ಕಥೆ ಇಷ್ಟು ಬೆಳೆದಿದ್ದು?

ಹಳೇ ಕ್ಯಾಸೆಟ್
ಪ್ರಾಣಿ ಮಾತು ಬಂದಿದ್ದಕ್ಕೆ ಒಂದು ಸ್ವಾರಸ್ಯ. 1942ರಲ್ಲಿ ಅಮೆರಿಕದ ಒಂದು ದೊಡ್ಡ ಸರ್ಕಸ್ಸಿನಲ್ಲಿ ಐವತ್ತು ಆನೆಗಳ ನೃತ್ಯ ಮಾಡಿಸಿದರು. ಅದಕ್ಕೆ ಸಂಗೀತ ಬರೆದವರು ರಷ್ಯಾ ಮೂಲದ ಹೆಸರಾಂತ ಸಂಯೋಜಕ ಸ್ಟ್ರಾವಿನ್‌ಸ್ಕಿ! ನೃತ್ಯ ಸಂಯೋಜನೆ ಹೆಸರಾಂತ ಬ್ಯಾಲೆ ನಿರ್ದೇಶಕ ಬ್ಯಾಲಂಚಿನ್ ಅವರದು. ಆ ತುಣುಕನ್ನು ಇವತ್ತಿಗೂ ಆನೆ ಇಲ್ಲದೆಯೇ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳು ನುಡಿಸುತ್ತವೆ. ಸರ್ಕಸ್ ಹೋದರೂ ಸಂಗೀತ ನಿಂತಿದೆ ನೋಡಿ. ಮೂಲ ಪ್ರಶ್ನೆಗೆ ಇದೂ ಒಂದು ಉತ್ತರ.

ಅಗ್ರಹಾರ ಸರ್ಕಲ್
ಆನೆ ಅಂದಾಗ ಜ್ಞಾಪಕ ಬಂತು, ಈ ಸಲ ಜಂಬೂಸವಾರಿ ದಿನ ಗಾಡಿ ಎಲ್ಲಿ ನಿಲ್ಲಿಸಬೇಕು? ಅರಮನೆ ಸುತ್ತಮುತ್ತ ಎಲ್ಲಾ ಬಂದ್ ಮಾಡುತ್ತಾರೆ.

ವೇದಿಕೆ ಮೇಲ್ವಿಚಾರಕ
@ಅಗ್ರಹಾರ ಸರ್ಕಲ್ ದಯವಿಟ್ಟು ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಸಂಗೀತ ಮಾತ್ರ.

ಮೊದಲನೇ ಸಾಲು
ಸ್ಟ್ರಾವಿನ್‌ಸ್ಕಿ ವಿಷಯ ಬೇರೆ. ಅದು ಕೇಳುವುದಕ್ಕೆಂದೇ ನಿಂತ ಸಂಗೀತ. ಮೈಸೂರಿಗೆ ಪಾಶ್ಚಾತ್ಯ ಸಂಗೀತ ಹೊಸದೇನಲ್ಲ. ಜಯಚಾಮರಾಜ ಒಡೆಯರ್ ರಷ್ಯಾದ ಮೆಟ್ನರ್ ಸಂಗೀತವನ್ನು ಧ್ವನಿಮುದ್ರಣ ಮಾಡಿಸಲು ಸ್ವಂತ ದುಡ್ಡು ಕೊಟ್ಟರು. ಲಂಡನ್ನಿನ ಫಿಲ್‌ಹಾರ್ಮೊನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದರು. ಅಂಥ ಊರಿನವರು ನಾವು. ಹೊರಗಿನದು ಅಂತ ನಾನು ಬೇಡ ಅನ್ನುತ್ತಿಲ್ಲ. ಗಟ್ಟಿ ಇರಲಿ ಅನ್ನುತ್ತಿದ್ದೇನೆ.

ರಂಗದ ಹಿಂದೆ
@ಮೊದಲನೇ ಸಾಲು ಗಟ್ಟಿ ಅನ್ನುವುದಕ್ಕೆ ಕಚೇರಿ ಒಂದೇ ಅಳತೆಯಾ ಸರ್? ಇದೇ ಊರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದರು. ಅವರ ರಂಗಸಂಗೀತ ಕೇಳಿದ್ದೀರಲ್ಲ. ಕೈಗೆ ಸಿಕ್ಕ ವಸ್ತುವಿನಿಂದ ಸದ್ದು ಹೊರಡಿಸುತ್ತಿದ್ದರು. ನಟರ ಗಂಟಲೇ ವಾದ್ಯ. ಅದನ್ನು ಯಾರಾದರೂ ರಾಗ ಬೆಳೆಯಲಿಲ್ಲ ಅಂತ ತೂಗಿದರಾ? ದೃಶ್ಯಕ್ಕೆ ಎಷ್ಟು ಬೇಕೋ ಅಷ್ಟು. ಇವತ್ತಿಗೂ ಕಲಾಮಂದಿರದ ಆವರಣದಲ್ಲಿ ಹಳೇ ರಂಗಗೀತೆ ಹಾಡಿದರೆ ನಾಟಕ ನೋಡದ ಹುಡುಗರೂ ದನಿ ಸೇರಿಸುತ್ತಾರೆ.

ನಾಟಕದ ಸಂಗೀತ ನಾಟಕದಿಂದ ಹೊರಗೆ ಬಂದು ಬದುಕುವುದು ನಮಗೆ ಹೊಸದಲ್ಲ. ಕಂಪನಿ ನಾಟಕದ ಹಾಡುಗಳು ಗ್ರಾಮಫೋನ್ ತಟ್ಟೆಯಲ್ಲಿ ಮನೆ ಮನೆಗೆ ಹೋದವು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿದರು ಅಂತ ಓದಿದ್ದೇವೆ. ನಾಟಕ, ಸರ್ಕಸ್ ಎರಡನ್ನೂ ಒಂದೇ ರಂಗದ ಮೇಲೆ ಸೇರಿಸುವ ಆಸೆ ನಮ್ಮವರಿಗೂ ಇತ್ತು.

ಮೊದಲನೇ ಸಾಲು
@ರಂಗದ ಹಿಂದೆ ಕಾರಂತರ ಉದಾಹರಣೆ ಸರಿಯಾಗಿದೆ. ಆದರೆ ಅಲ್ಲಿ ಮಾತಿದೆ, ಕನ್ನಡವಿದೆ. ಇರಲಿ, 'ಓ' ಒಂದು ಸಲ ಕೇಳುತ್ತೇನೆ.

ಒಂಟಿಕೊಪ್ಪಲ್ ಹುಡುಗ
'ಲವ್' ಅಂತ ಒಂದು ಶೋ ಇತ್ತಲ್ಲ, ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನವರು ಅದಕ್ಕೋಸ್ಕರ ಹೊಸದಾಗಿ ಹಾಡಿದ್ದು. ಅದನ್ನು ಕೇಳಿ. ಎಲ್ಲಕ್ಕಿಂತ ಬೆಸ್ಟ್.

ಹಳೇ ಕ್ಯಾಸೆಟ್
@ಒಂಟಿಕೊಪ್ಪಲ್ ಹುಡುಗ ಹೊಸದಾಗಿ ಹಾಡಿದ್ದಲ್ಲ ಮಾರಾಯ, 2006ಕ್ಕೆ ನಾಲ್ವರಲ್ಲಿ ಇಬ್ಬರು ತೀರಿಹೋಗಿದ್ದರು. ಅವರ ಹಳೇ ಮುದ್ರಣಗಳನ್ನೇ ಬಿಚ್ಚಿ, ಒಂದು ಹಾಡಿನ ಡ್ರಮ್ಮನ್ನು ಇನ್ನೊಂದರ ಗಿಟಾರಿಗೆ ಜೋಡಿಸಿ ಮಾಡಿದ್ದು. ಮಾಡಿದವರು ಅವರ ಹಳೇ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಮಗ ಜೈಲ್ಸ್. ಆ ಥಿಯೇಟರಿನಲ್ಲಿ ಆರು ಸಾವಿರಕ್ಕೂ ಜಾಸ್ತಿ ಸ್ಪೀಕರ್ ಇದ್ದವು, ಕುರ್ಚಿಯಲ್ಲೂ ಇದ್ದವು. 2024ರಲ್ಲಿ ಶೋ ಮುಗಿಯಿತು. ಈಗ ಕೇಳಲು ಉಳಿದಿರುವುದು ಆಲ್ಬಂ ಮಾತ್ರ.

ಹಾಗೆ ನೋಡಿದರೆ ಮುಗಿದ ಶೋಗಳಿಗೆಲ್ಲ ಈ ಮಾತು ನಿಜ. ಇನ್ನು ಮುಂದೆ ಬರುವವರಿಗೆ ಸಂಗೀತವೇ ಶೋ.

ಕುಕ್ಕರಹಳ್ಳಿ ವಾಕರ್
'ಓ' ಬಗ್ಗೆ ಯಾರೂ ವಿವರ ಹೇಳಲಿಲ್ಲ. ಅಮೆರಿಕದ ಲಾಸ್ ವೇಗಸ್‌ನ ಬೆಲ್ಲಾಜಿಯೊ ಹೋಟೆಲಿನಲ್ಲಿ ನಡೆಯುವ ಆ ಶೋ ಪೂರ್ತಿ ನೀರಿನ ಮೇಲೆ, ನೀರಿನೊಳಗೆ. ಕೊಳದಲ್ಲಿ ಸುಮಾರು 57 ಲಕ್ಷ ಲೀಟರ್ ನೀರು. ಕಲಾವಿದರು ಮುಳುಗಿದರೆ ಎಲ್ಲಿ ಏಳುತ್ತಾರೋ ಕಾಣುವುದಿಲ್ಲ. ಇದನ್ನು ತಿಳಿದುಕೊಂಡು ಕೇಳಿದರೆ ಆ ಹಾಡುಗಳು ಯಾಕೆ ಅಷ್ಟು ತಡೆದು ತಡೆದು ಸಾಗುತ್ತವೆ ಅನ್ನುವುದು ತಿಳಿಯುತ್ತದೆ. ಸಂಜೆರಾಗ ಅವರೇ, ಶೋ ನೋಡಲೇಬೇಕು ಅಂತಿಲ್ಲ. ಏನು ನಡೆಯುತ್ತದೆ ಅಂತ ಒಂದಿಷ್ಟು ಓದಿಕೊಂಡರೂ ಕಿವಿ ಚುರುಕಾಗುತ್ತದೆ.

ಸಕ್ಕರೆನಾಡು
ಇವರು ನಮ್ಮ ದೇಶಕ್ಕೆ ಬಂದಿದ್ದಾರಾ?

ಬೋಗಾದಿ ಬೆಳಕು
@ಸಕ್ಕರೆನಾಡು 2018ರ ನವೆಂಬರ್‌ನಲ್ಲಿ 'ಬಜಾರ್' ಅನ್ನುವ ಹೊಸ ಶೋ ಮುಂಬೈನಲ್ಲೇ ಮೊದಲ ಸಲ ಆಡಿದರು. ಆಮೇಲೆ ದಿಲ್ಲಿ. ನಮ್ಮ ಕಡೆ ಬರಲಿಲ್ಲ. ಮೈಸೂರಿಗೆ ಬಂದರೆ ನಾನೇ ಮೊದಲ ಟಿಕೆಟ್ಟು.

ಸಂಜೆರಾಗ (ಸರಸ್ವತಿಪುರಂ)
ಇನ್ನೊಂದು ಸಮಸ್ಯೆ. ನಾನು ಬಳಸುವ ಆ್ಯಪ್‌ನಲ್ಲಿ ಎರಡು ಹಾಡಿನ ನಡುವೆ ಜಾಹೀರಾತು ನುಗ್ಗುತ್ತದೆ. ಒಂದು ಹಾಡು ಕರಗಿ ಇನ್ನೊಂದಾಗುವ ಜಾಗದಲ್ಲೇ ಯಾರೋ ಸಾಲ ಬೇಕಾ ಅಂತ ಕೂಗುತ್ತಾರೆ. ಎದೆ ಒಡೆದು ಹೋಗುತ್ತದೆ.

ಹಳೇ ಕ್ಯಾಸೆಟ್
ಸಿ.ಡಿ. ಕೊಳ್ಳಿ. ದೇವರಾಜ ಅರಸು ರಸ್ತೆಯಲ್ಲಿ ಈಗ ಸಿಗುವುದು ಕಷ್ಟ, ಆನ್‌ಲೈನ್‌ನಲ್ಲಿ ಹಳೇದು ಹುಡುಕಿ. ಇಲ್ಲದಿದ್ದರೆ ದುಡ್ಡು ಕೊಟ್ಟು ಇಳಿಸಿಕೊಳ್ಳಿ. ಹಾಡುಗಳನ್ನು ಕಲಸಿ ಹಾಕುವ ಶಫಲ್ ಮಾತ್ರ ಒತ್ತಬೇಡಿ.

ಮೇಷ್ಟ್ರು ಹೇಳಿದ ಕಾಯುವಿಕೆ ಬೇಕು ಅಂದರೆ ಒಂದು ದಾರಿ ಇದೆ. 'ಮಿಸ್ಟೇರ್'ಗೆ ಎರಡು ಆಲ್ಬಂ ಇವೆ. ಒಂದು ಸ್ಟುಡಿಯೊದಲ್ಲಿ ಮಾಡಿದ್ದು, ಇನ್ನೊಂದು 1996ರಲ್ಲಿ ಬಂದ ಲಾಸ್ ವೇಗಸ್ ಲೈವ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಅದರಲ್ಲಿ ಜಪಾನಿನ ತೈಕೊ ಡ್ರಮ್ ಇದೆ, ಚಿಕ್ಕ ಇಯರ್‌ಫೋನಿನಲ್ಲಿ ಸಾಯುತ್ತದೆ. ದೊಡ್ಡ ಸ್ಪೀಕರ್ ಇರುವವರ ಮನೆಗೆ ಹೋಗಿ.

ಸಂಜೆರಾಗ (ಸರಸ್ವತಿಪುರಂ)
ಲೈವ್ ಸಿಕ್ಕಿತು. ಅಣ್ಣನ ಮನೆಯ ಸ್ಪೀಕರಿನಲ್ಲಿ ಜೋರಾಗಿ ಹಾಕಿ ಕೇಳಿದೆ. ಚಪ್ಪಾಳೆಯ ಜೊತೆ ಕೇಳಿದಾಗ ಸಂಗೀತ ಬೇರೆ ಥರವೇ ನಡೆಯುತ್ತದೆ. ಸ್ಟುಡಿಯೊದ್ದು ಅಚ್ಚುಕಟ್ಟು, ಒಪ್ಪುತ್ತೇನೆ. ಆದರೆ ಲೈವ್‌ನಲ್ಲಿ ಯಾರೋ ಯಾರನ್ನೋ ನೋಡಿಕೊಂಡು ನುಡಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಸ್ನೇಹಿತೆಗೂ ಕಳಿಸಿದೆ. ಅವಳು ಇನ್ನೂ ವಾದ ಬಿಟ್ಟಿಲ್ಲ, ಅದು ಬೇರೆ.

ಮೇಷ್ಟ್ರೇ, ನಿಮ್ಮ ನಾಟಕ ಯಾವಾಗ? ಹಾರ್ಮೋನಿಯಂ ಹತ್ತಿರ ಕೂತು ಕೇಳಬೇಕು ಅಂತ ಆಸೆ ಆಗಿದೆ.

ಡ್ರಾಮಾ ಮೇಷ್ಟ್ರು (ಮಂಡ್ಯ)
ಬನ್ನಿ ಬನ್ನಿ. ಶಿವರಾತ್ರಿ ಕಳೆದ ಮೇಲೆ ಹಬ್ಬ ಜಾತ್ರೆ ಅಂತ ಊರೂರಲ್ಲಿ ಇರುತ್ತದೆ. ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ನನ್ನ ಎಡಗಡೆ ಕೂರಿ. ಬಲಗಡೆ ತಬಲದವರು ಇರುತ್ತಾರೆ. ಮೊದಲನೇ ಸಾಲಿನ ಸರ್ ಅವರನ್ನೂ ಕರೆದುಕೊಂಡು ಬನ್ನಿ.

ಮೊದಲನೇ ಸಾಲು
ಖಂಡಿತ ಬರುತ್ತೇನೆ ಮೇಷ್ಟ್ರೇ. 'ಓ' ಕೇಳಿದೆ. ಎರಡು ಹಾಡು ಹಿಡಿಸಿದವು, ಉಳಿದವುಗಳ ಬಗ್ಗೆ ಅಲ್ಲೇ ಮಾತಾಡೋಣ.

ಸಕ್ಕರೆನಾಡು
ನಾಟಕ ಮುಗಿಯುವುದು ಬೆಳಗಿನ ಜಾವ. ಮೈಸೂರಿನವರು ಊಟ ಮಾಡಿಕೊಂಡೇ ಬನ್ನಿ, ಶಾಲು ತನ್ನಿ. ವಾಪಸ್ಸಿಗೆ ಮೊದಲ ಬಸ್ಸು ಸಿಗುತ್ತದೆ.